ಧ್ವನಿ ಬಂದ್ ಮಾಡಿದ ಅಕ್ಕೋರು

ಹೋದ ತಿಂಗಳು ಸಿಂದಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಗೋಡೆಯ ಮೇಲೆ ದೊಡ್ಡ ಪರದೆ ಇಟ್ಟುಕೊಂಡು ಪಾಠ ಹೇಗೆ ಮಾಡಬೇಕು ಎಂದು ಕಲಿಸುವ ತರಬೇತಿ. ಒಂದು ಕಾಲಕ್ಕೆ ಇಂಥದ್ದೇ ಕೆಲಸ ಮಾಡಿದವಳು ಎಂದು ಯಾರೋ ನೆನಪಿಟ್ಟು ನನ್ನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಯಂತ್ರ ಚಾಲೂ ಆಗಿ ಎರಡು ನಿಮಿಷಕ್ಕೆ ಕಾದ ಧೂಳಿನ ವಾಸನೆ ಬಂತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಅದರ ಬೆನ್ನಿಗೇ ತರಬೇತಿ ಕೊಡಲು ಬಂದ ತರುಣ ಹೇಳಿದ: "ವಿಡಿಯೋ ನಡೆಯುವಾಗ ಶಿಕ್ಷಕರು ದಯವಿಟ್ಟು ನಡುವೆ ಬಾಯಿ ಹಾಕಬೇಡಿ. ಸುಮ್ಮನೆ ಒಂದು ಕಡೆ ನಿಂತುಬಿಡಿ."

ನನಗೆ ಎಪ್ಪತ್ತು ದಾಟಿದೆ. ದಿನಾ ರಕ್ತದೊತ್ತಡದ ಗುಳಿಗೆ ನುಂಗುತ್ತೇನೆ. ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಬಂತು. ಕರೆದವರ ಮುಂದೆ ರಂಪ ಬೇಡವೆಂದು ಚಹಾ ಕುಡಿದು ಮನೆಗೆ ಬಂದೆ. ಆ ತರುಣನ ಮೇಲೆ ನನಗೇನೂ ಸಿಟ್ಟಿಲ್ಲ, ಯಾರೋ ಕಲಿಸಿದ್ದನ್ನು ಅವನು ಒಪ್ಪಿಸಿದ. ಸಿಟ್ಟು ಇದ್ದದ್ದು ನನ್ನ ಮೇಲೆ. ಐವತ್ತು ವರ್ಷದ ಹಿಂದೆ ಇದೇ ಮಾತನ್ನು ಅಕ್ಷರ ತಪ್ಪದೆ ನಾನೂ ಊರೂರಿಗೆ ಹೇಳಿಕೊಂಡು ತಿರುಗಿದ್ದೆ. ಹೇಳಬಾರದವರಿಗೂ ಹೇಳಿದ್ದೆ. ಅವರ ಹೆಸರು ಕಾಶೀಬಾಯಿ.

ಎಪ್ಪತ್ತೈದನೆಯ ಇಸವಿಯ ಮಳೆಗಾಲ. ಬೆಂಗಳೂರಿನವರಿಗೆ ಟೀವಿ ಎಂದರೆ ಏನೆಂದು ಇನ್ನೂ ಗೊತ್ತಿರದಾಗ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಟೀವಿ ಬಂತು. ಈ ಮಾತನ್ನು ನಾನು ಈಗಲೂ ಬೆಂಗಳೂರಿನ ಬೀಗರ ಮುಂದೆ ಬೇಕೆಂದೇ ಎರಡು ಸಲ ಹೇಳುತ್ತೇನೆ. ಆಕಾಶದಲ್ಲಿ ಒಂದು ಉಪಗ್ರಹ, ಶಾಲೆಯ ಮಾಳಿಗೆಯ ಮೇಲೋ ಅಂಗಳದಲ್ಲೋ ಕೋಳಿ ಗೂಡಿಗೆ ಹೊಡೆಯುವಂಥ ತಂತಿ ಜಾಳಿಗೆಯ ದೊಡ್ಡ ಛತ್ರಿ, ಒಳಗೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಟೀವಿ. ಬೆಳಿಗ್ಗೆ ಮಕ್ಕಳಿಗೆ ಇಪ್ಪತ್ತು ನಿಮಿಷ ಚಿಲ್ಲರೆ ಕನ್ನಡದ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಹಾಡು. ಒಂದು ವರ್ಷ ಮಾತ್ರ, ಆಮೇಲೆ ಉಪಗ್ರಹ ತನ್ನ ದಾರಿ ಹಿಡಿದು ಹೋಗುತ್ತದೆ ಎಂದು ಮೊದಲೇ ಹೇಳಿದ್ದರು.

ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಬಾಯಿ ಜೋರು ಎಂಬ ಕಾರಣಕ್ಕೆ ಎರಡು ವರಗಳು ತಪ್ಪಿದ್ದವು, ಅದೇ ಕಾರಣಕ್ಕೆ ಈ ಕೆಲಸ ಸಿಕ್ಕಿತು. ಶಿಕ್ಷಕರಿಗೆ ಟೀವಿ ಬಳಸುವುದನ್ನು ಕಲಿಸಬೇಕು, ಅವರು ಬಳಸುವುದನ್ನು ನೋಡಬೇಕು, ನೋಡಿದ್ದನ್ನು ಒಂದು ಫಾರ್ಮಿನಲ್ಲಿ ತುಂಬಿ ಜಿಲ್ಲಾ ಕಚೇರಿಗೆ ಕಳಿಸಬೇಕು. ಹಂಗಾಮಿ ನೌಕರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ನಾಲ್ಕು ತಾಲೂಕು ನನ್ನ ಪಾಲಿಗೆ. ಸಿಂದಗಿಯಲ್ಲಿ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು ಬೆಳಿಗ್ಗೆ ಮೊದಲ ಬಸ್ಸು ಹಿಡಿಯುತ್ತಿದ್ದೆ. ಬಸ್ಸು ಇಳಿದ ಮೇಲೆ ಕಪ್ಪು ಮಣ್ಣಿನ ಎರಿ ಹೊಲದ ನಡುವಿನ ದಾರಿ. ಮಳೆ ಬಿದ್ದರೆ ಒಂದೊಂದು ಚಪ್ಪಲಿಗೂ ಎರಡೆರಡು ಸೇರು ಮಣ್ಣು. ಎಷ್ಟೋ ಸಲ ಚಪ್ಪಲಿ ಕೈಯಲ್ಲಿ ಹಿಡಿದೇ ಶಾಲೆಯ ಹೊಸ್ತಿಲು ತುಳಿದಿದ್ದೇನೆ. ಅಂಥ ಅವತಾರದಲ್ಲಿ ಹೋಗಿ ನಲವತ್ತು ದಾಟಿದ ಮಾಸ್ತರರಿಗೆ ಬುದ್ಧಿ ಹೇಳಬೇಕು.

ಮಾಸ್ತರರು ಕೆಟ್ಟವರಲ್ಲ, ಹೆದರಿದ್ದರು. ಕೆಲವರು ಪೆಟ್ಟಿಗೆಗೆ ಅರಿಷಿಣ ಕುಂಕುಮ ಹಚ್ಚಿ ಬೀಗ ಹಾಕಿ ಇಡುತ್ತಿದ್ದರು. ಗುಂಡಿ ಮುಟ್ಟಿದರೆ ಕರೆಂಟು ಹೊಡೆಯುತ್ತದೆ ಎಂದು ಕಟ್ಟಿಗೆಯ ಪಟ್ಟಿಯಿಂದ ತಿರುವಲು ನೋಡುವವರೂ ಇದ್ದರು. ಝಳಕಿ ಕಡೆಯ ಒಂದು ಊರಿಗೆ ಹೋದಾಗ ಮಕ್ಕಳು ಸಾಲಾಗಿ ಕೂತು ಬರೀ ಚುಕ್ಕೆಗಳು ಸುರಿಯುವ ಪರದೆಯನ್ನು ಕಣ್ಣು ಬಿಟ್ಟು ನೋಡುತ್ತಿದ್ದರು. ದಿನಚರಿ ಪುಸ್ತಕ ತೆಗೆದು ನೋಡಿದರೆ ಎಂಟು ದಿನವೂ "ಇಂದಿನ ಕಾರ್ಯಕ್ರಮ: ಮಳೆ" ಎಂದು ದುಂಡಗೆ ಬರೆದಿದೆ. ಹೊರಗೆ ಬಂದು ನೋಡಿದೆ. ಪಡುವಣಕ್ಕೆ ಮುಖ ಮಾಡಿರಬೇಕಾದ ಛತ್ರಿ ಮೂಡಣಕ್ಕೆ ತಿರುಗಿತ್ತು.

"ಯಾರು ತಿರುಗಿಸಿದ್ರಿ ಇದನ್ನ?" ಎಂದೆ.

"ನಾವ ತಿರುಗಿಸೇವಿ ಬಾಯಾರ" ಎಂದರು ಮಾಸ್ತರರು, ಸ್ವಲ್ಪವೂ ಅಳುಕಿಲ್ಲದೆ. "ಪೂಜಾ ಮಾಡಿ ಕಾಯಿ ಒಡದೇವಿ. ಪೂಜಾ ಮಾಡಿದ್ದರ ಮಾರಿ ಪಡುವಣಕ್ಕಿದ್ರ ಹೆಂಗ ಛಲೋ ಆಗತೈತ್ರಿ?"

ನಾನು, ಮಾಸ್ತರರು, ಹೊಲಕ್ಕೆ ಹೊರಟಿದ್ದ ನಾಲ್ಕು ಜನ ಸೇರಿ ಅದನ್ನು ಮತ್ತೆ ಪಡುವಣಕ್ಕೆ ತಿರುಗಿಸಿದೆವು. ಚಿತ್ರ ಬಂದಾಗ ಮಕ್ಕಳು ಕಿರುಚಿದ ಕಿರುಚಾಟಕ್ಕೆ ಊರ ನಾಯಿಗಳೆಲ್ಲ ಬೊಗಳಿದವು. ಇಂಥ ತಪ್ಪುಗಳನ್ನು ತಿದ್ದುವುದು ನನಗೆ ಸುಲಭವಿತ್ತು, ಖುಷಿಯೂ ಇತ್ತು. ಎಲ್ಲ ಕಡೆಗೂ ಕೊನೆಗೆ ಅದೇ ನಿಯಮ ಹೇಳಿ ಹೊರಡುತ್ತಿದ್ದೆ. ಪಾಠ ಬರುವಾಗ ಧ್ವನಿ ಪೂರಾ ಇಡಬೇಕು, ಶಿಕ್ಷಕರು ಮೌನವಾಗಿ ನಿಲ್ಲಬೇಕು, ಮುಗಿದ ಮೇಲೆ ಪ್ರಶ್ನೆ ಕೇಳಬೇಕು.

ಸೆಪ್ಟೆಂಬರಿನಲ್ಲಿ ಬಾಗೇವಾಡಿ ತಾಲೂಕಿಗೆ ಹೋದೆ. ಮಸೂತಿ ಎಂಬ ಊರಿನಲ್ಲಿ ಬಸ್ಸು ಇಳಿದು ಎರಡು ಮೈಲು ನಡೆದರೆ ಒಂದು ಸಣ್ಣ ಊರು. ಒಂದೇ ಕೋಣೆಯ ಶಾಲೆ, ಒಬ್ಬರೇ ಶಿಕ್ಷಕಿ, ಮಕ್ಕಳ ಬಾಯಲ್ಲಿ ಕಾಶೀಬಾಯಿ ಅಕ್ಕೋರು. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಪಾಠ ಶುರುವಾಗಿತ್ತು. ಕಿಟಕಿಯಲ್ಲಿ ಇಣುಕಿದೆ. ಪರದೆಯ ಮೇಲೆ ಮೀನು ಹಿಡಿಯುವವರು ಬಲೆ ಎಳೆಯುತ್ತಿದ್ದರು. ಆದರೆ ಟೀವಿಯಿಂದ ಒಂದು ಸದ್ದೂ ಇಲ್ಲ. ಕೇಳುತ್ತಿದ್ದದ್ದು ಅದರ ಪಕ್ಕ ನಿಂತಿದ್ದ ಹೆಂಗಸಿನ ಧ್ವನಿ. ಇಳಕಲ್ಲ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈಯಲ್ಲಿ ಜೋಳದ ದಂಟು ಹಿಡಿದು ಹೇಳುತ್ತಿದ್ದರು. "ಈಗ ನೋಡ್ರಿ, ಆ ಮುದುಕ ಹಗ್ಗಾ ಜಗ್ಗಾಕತ್ತಾನ. ಒಬ್ಬನ ಕಡಿಂದ ಆಗಂಗಿಲ್ಲ. ಕರದಾ, ಕರದಾ ಎಲ್ಲಾರನೂ. ನಮ್ಮೂರಾಗ ಬಾವ್ಯಾಗ ಎತ್ತು ಬಿದ್ದಾಗ ಹೆಂಗ ಜಗ್ಗಿದ್ರು? ಹಂಗ!" ಮಕ್ಕಳು ಕೂತಲ್ಲೇ ಹಗ್ಗ ಜಗ್ಗುತ್ತಿದ್ದರು.

ನಾನು ಬಾಗಿಲಲ್ಲಿ ನಿಂತು "ನಮಸ್ಕಾರ್ರೀ" ಎಂದೆ. ಅವರು ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಎಂದೆ. ಮಕ್ಕಳೆಲ್ಲ ಎದ್ದು ನಿಂತ ಮೇಲೆ ತಿರುಗಿದರು. ಸೊಕ್ಕಿನ ಹೆಂಗಸು ಎಂದುಕೊಂಡೆ. ಸೀದಾ ಹೋಗಿ ಧ್ವನಿಯ ಗುಂಡಿ ತಿರುವಿದೆ, ಟೀವಿ ಮಾತಾಡತೊಡಗಿತು. ಅವರು ನನ್ನ ಕೈಯನ್ನೇ ನೋಡಿದರು, ಮೂಲೆಗೆ ಹೋಗಿ ನಿಂತರು. ಐದು ನಿಮಿಷದಲ್ಲಿ ಮಕ್ಕಳು ಮೈ ಕೆರೆಯತೊಡಗಿದರು. ಮುಗಿದ ಮೇಲೆ ನಾನೇ ಪ್ರಶ್ನೆ ಕೇಳಿದೆ. ಬಲೆ, ಹಗ್ಗ, ಮುದುಕ ಎಲ್ಲ ಹೇಳಿದರು. ನಾನು ಗುಂಡಿ ತಿರುವಿದ ಮೇಲಿನದು ಒಂದೂ ಯಾರಿಗೂ ಗೊತ್ತಿರಲಿಲ್ಲ. ಹಾಗಿದ್ದರೂ ಅಂದು ನನಗೆ ಬುದ್ಧಿ ಬರಲಿಲ್ಲ. ಅವರಿಗೆ ನಿಯಮಗಳನ್ನೆಲ್ಲ ಗಿಣಿಯ ಹಾಗೆ ಒಪ್ಪಿಸಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಮಾತಾಡೂಮುಂದ ಆ ಕಡೆ ಈ ಕಡೆ ನೋಡಬ್ಯಾಡ ತಂಗಿ" ಎಂದರು ನಡುವೆ. "ನನ್ನ ಮಾರಿ ನೋಡಿ ಮಾತಾಡು."

ಅದೂ ಸೊಕ್ಕೇ ಎಂದುಕೊಂಡು ಹೊರಟುಬಂದೆ.

ಎರಡನೆಯ ಸಲ ಹೋದಾಗ ನವರಾತ್ರಿ ಮುಗಿದಿತ್ತು. ಈ ಸಲವೂ ಧ್ವನಿ ಬಂದ್. ಪರದೆಯ ಮೇಲೆ ಸಮುದ್ರದ ದಂಡೆ, ಬೆಳ್ಳಗಿನ ಗುಡ್ಡೆಗಳು, ಸಲಿಕೆ ಹಿಡಿದ ಹೆಂಗಸರು. ಕಾಶೀಬಾಯಿ ಅಕ್ಕೋರು ಇದು ಸುಣ್ಣದ ಭಟ್ಟಿ ಎಂದು ಮಕ್ಕಳಿಗೆ ಸೊಗಸಾಗಿ ವಿವರಿಸುತ್ತಿದ್ದರು. ಅದು ಉಪ್ಪಿನ ಗದ್ದೆ. ನನಗೆ ಅವರ ಮೇಲೆ ಗೆಲ್ಲಲು ಅಷ್ಟು ಸಾಕಿತ್ತು. ಮಕ್ಕಳು ಆಟಕ್ಕೆ ಹೋದ ಮೇಲೆ ಸ್ವಲ್ಪ ಖುಷಿಯಿಂದಲೇ ಹೇಳಿದೆ. "ಅದು ಸುಣ್ಣ ಅಲ್ರಿ ಅಕ್ಕೋರ, ಉಪ್ಪು. ಧ್ವನಿ ಇಟ್ಟಿದ್ರ ಅದ ಹೇಳತಿತ್ತು."

ಅವರ ಮುಖ ಕಪ್ಪಿಟ್ಟಿತು. ನೆಪ ಹೇಳುತ್ತಾರೆ ಎಂದು ಕಾದೆ. ಅವರು ಮಕ್ಕಳನ್ನು ಆಟದಿಂದ ವಾಪಸು ಕರೆದರು. "ಈಗ ನಾ ಹೇಳಿದ್ದು ತಪ್ಪ. ಅದು ಉಪ್ಪು. ನಾ ನೋಡಿದ್ದಿಲ್ಲ, ಗೊತ್ತಿದ್ದಿಲ್ಲ" ಎಂದರು, ನಾಚಿಕೊಳ್ಳದೆ, ಎಲ್ಲರ ಎದುರಿಗೆ. ಒಂದು ಹುಡುಗಿಯನ್ನು ಮನೆಗೆ ಓಡಿಸಿ ಹಿಡಿ ಉಪ್ಪು ತರಿಸಿದರು. ನೀರಲ್ಲಿ ಕರಗಿಸಿ, ಪರಾತದಲ್ಲಿ ಹಾಕಿ, ಮಾಳಿಗೆಯ ಮೇಲೆ ಬಿಸಿಲಿಗೆ ಇಡಿಸಿದರು. "ನಾಳೆ ಬಂದು ನೋಡ್ರಿ, ನೀರ ಎಲ್ಲಿ ಹೋಕ್ಕೈತಿ, ಉಪ್ಪ ಎಲ್ಲಿ ಉಳೀತೈತಿ." ನಾನು ಬಿ.ಎಸ್ಸಿ. ಓದಿದವಳು, ಇದು ನನಗೆ ಹೊಳೆದಿರಲಿಲ್ಲ.

ಅಂದು ಊಟಕ್ಕೆ ತಮ್ಮ ಮನೆಗೆ ಕರೆದುಕೊಂಡು ಹೋದರು. ಅವರ ಯಜಮಾನರು ತೀರಿಕೊಂಡಿದ್ದರು. ಮಗಳು ಮುದ್ದೇಬಿಹಾಳದಲ್ಲಿ ಗಂಡನ ಮನೆಯಲ್ಲಿದ್ದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ನನಗೆ ಬೆನ್ನು ಮಾಡಿ ಕೂತಿದ್ದರು. ಎಷ್ಟು ವರ್ಷದ ನೌಕರಿ ಎಂದು ಕೇಳಿದೆ, ಉತ್ತರ ಬರಲಿಲ್ಲ. ಎರಡನೆಯ ಸಲ ಜೋರಾಗಿ ಕೇಳಿದೆ. ರೊಟ್ಟಿ ಬುಟ್ಟಿಗೆ ಹಾಕಲು ತಿರುಗಿದಾಗ ನನ್ನ ಬಾಯಿ ಅಲುಗುವುದನ್ನು ಕಂಡು ಕೈ ನಿಲ್ಲಿಸಿದರು.

"ಏನರೆ ಕೇಳಿದೇನ? ನನಗ ಕೇಳಂಗಿಲ್ಲ" ಎಂದರು. "ಎರಡ ವರ್ಷದ ಹಿಂದ ವಿಷಮಜ್ವರ ಬಂತು. ಎಡಗಿವಿ ಪೂರಾ ಹೋತು. ಬಲಗಿವ್ಯಾಗ ಬರೇ ಗುಂಯ್ ಅಂತೈತಿ. ಮಾರಿ ನೋಡಿದ್ರ ಮಾತ ತಿಳೀತೈತಿ. ನನ್ನ ಹುಡುಗ್ರಿಗೆ ಗೊತ್ತೈತಿ, ಮುಂದ ಬಂದು ನಿಂತು ಮಾತಾಡತಾವು. ಊರಿಗೆಲ್ಲಾ ಗೊತ್ತೈತಿ. ಸರಕಾರಕ್ಕ ಅಷ್ಟ ಗೊತ್ತಿಲ್ಲ. ಅವರು ಕೇಳಿಲ್ಲ, ನಾ ಹೇಳಿಲ್ಲ."

ಹೇಳಿದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕಿವುಡಿ ಪಾಠ ಹೇಗೆ ಮಾಡುತ್ತಾಳೆ ಎಂದು ಯಾರಾದರೂ ಒಂದು ಸಾಲು ಬರೆದರೆ ಸಾಕು, ನೌಕರಿ ಹೋಗುತ್ತದೆ. ನನ್ನ ಕೈಯಲ್ಲಿದ್ದದ್ದೇ ಅಂಥ ಸಾಲು ಬರೆಯುವ ಫಾರ್ಮು. ಆದರೆ ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಮಕ್ಕಳಿಗಾದರೂ ಕೇಳುತ್ತದಲ್ಲ, ಅವರ ಸಲುವಾಗಿ ಧ್ವನಿ ಬಿಡಬಹುದಿತ್ತಲ್ಲ ಎಂದೆ.

"ಮೊದಲ ಎರಡ ದಿನ ಬಿಟ್ಟಿದ್ನಿ. ಪೆಟ್ಟಿಗಿ ವಟವಟ ಅಂತಿತ್ತಂತ. ಹುಡುಗ್ರು ನನ್ನ ಕಡೆ ತಿರುಗಿ, ಅಕ್ಕೋರ, ಆಕಿ ಏನ ಅಂದ್ಲು ಅಂತ ಕೇಳತಿದ್ವು. ಅವಕ್ಕ ಆ ಓಟದ ಮಾತ ತಿಳಿಯಂಗಿಲ್ಲ, ನನಗ ಕೇಳಂಗಿಲ್ಲ. ಇಬ್ಬರೂ ಕೂಡಿ ಪೆದ್ದರಾದ್ವಿ. ಮೂರನೇ ದಿನ ಗುಂಡಿ ತಿರುವಿದ್ನಿ. ಚಿತ್ರ ಅದರದು ಇರಲಿ, ಮಾತ ನಂದು. ನನ್ನ ಸಾಲ್ಯಾಗ ನಾ ಯಾಕ ಮೂಕಿ ಆಗಬೇಕು?"

ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನಾನು ತಲೆ ತಗ್ಗಿಸಿ ಉಂಡೆ. ನನಗೆ ನಿಜವಾಗಿ ನಾಚಿಕೆಯಾಗಿತ್ತು.

ಮುಂದೆ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ಯಾವ ದಿನ ಯಾವ ಪಾಠ, ಅದರಲ್ಲಿ ಏನೇನು ಬರುತ್ತದೆ ಎಂಬ ಕಲ್ಲಚ್ಚಿನ ಹಾಳೆ ನಮ್ಮ ಕಚೇರಿಗೆ ಮುಂಚಿತವಾಗಿ ಬರುತ್ತಿತ್ತು. ಅದನ್ನು ಶಿಕ್ಷಕರಿಗೆ ಕೊಡಬೇಕು ಎಂದು ಯಾರಿಗೂ ತೋಚಿರಲಿಲ್ಲ. ಸುಮ್ಮನೆ ನಿಲ್ಲುವವರಿಗೆ ಅದು ಯಾಕೆ ಬೇಕು? ನಾನು ನಕಲು ಮಾಡಿ ಬಾಗೇವಾಡಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟರೆ ಮಸೂತಿಯಲ್ಲಿ ಅವರ ಊರಿನವರು ಯಾರಾದರೂ ಇಳಿಸಿಕೊಳ್ಳುತ್ತಿದ್ದರು. ಅಕ್ಕೋರು ಅದನ್ನು ಓದಿ, ಗೊತ್ತಿಲ್ಲದ್ದಕ್ಕೆ ಗೆರೆ ಹೊಡೆದು ವಾಪಸು ಕಳಿಸುತ್ತಿದ್ದರು. "ದೀಪಸ್ತಂಭ ಅಂದ್ರೇನು? ಚಿತ್ರ ತಗದು ಕಳಸು." ನಾನು ಚಿತ್ರ ತೆಗೆದು ಕಳಿಸುತ್ತಿದ್ದೆ. ಉಪ್ಪಿನಂಥ ತಪ್ಪು ಆಮೇಲೆ ಆಗಲಿಲ್ಲ. ಉಳಿದ ಊರುಗಳಿಗೂ ಹಾಳೆ ಕಳಿಸತೊಡಗಿದೆ. ಬೇಕೆನಿಸಿದರೆ ಧ್ವನಿ ಇಳಿಸಿ ನೀವೇ ಹೇಳಿ ಎಂದು ಮಾಸ್ತರರ ಕಿವಿಯಲ್ಲಿ ಹೇಳುತ್ತಲೂ ಬಂದೆ.

ಫಾರ್ಮಿನಲ್ಲಿ ಮಾತ್ರ ಸುಳ್ಳು ಬರೆಯುತ್ತಿದ್ದೆ. "ಕಾರ್ಯಕ್ರಮದ ಅವಧಿಯಲ್ಲಿ ಶಿಕ್ಷಕರು ಮೌನವಾಗಿದ್ದರೆ?" ಹೌದು. "ಧ್ವನಿ ಸಾಕಷ್ಟಿತ್ತೆ?" ಹೌದು. ಅವರನ್ನು ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಫೆಬ್ರುವರಿ ಮುಗಿಯುತ್ತ ಬಂದಾಗ ಬಿಳಿಜೋಳದ ಸುಗ್ಗಿ. ಶಾಲೆಗಳು ಅರ್ಧ ಖಾಲಿ, ಮಕ್ಕಳೆಲ್ಲ ಹೊಲದಲ್ಲಿ. ಒಂದು ದಿನ ಜಿಲ್ಲಾ ಕಚೇರಿಯ ಸಾಹೇಬರು ಯಾರಿಗೂ ಹೇಳದೆ ಜೀಪು ತೆಗೆದುಕೊಂಡು ಬಂದು, ದಾರಿಯಲ್ಲಿ ನನ್ನನ್ನು ಹತ್ತಿಸಿಕೊಂಡು, ಮಸೂತಿಯಾಚೆಯ ಆ ಶಾಲೆ ನೋಡೋಣ ಎಂದರು. ಅವರು ಮುದ್ದೇಬಿಹಾಳ ತಾಲೂಕಿನವರೇ. ಕುರ್ಚಿಯ ಮೇಲೆ ಕೂತಾಗ ಪುಸ್ತಕದ ಕನ್ನಡ, ಸಿಟ್ಟು ಬಂದಾಗ ಹುಟ್ಟಿದೂರಿನ ಮಾತು. ತುರ್ತು ಪರಿಸ್ಥಿತಿಯ ದಿನಗಳು, ಸಾಹೇಬರೆಂದರೆ ಮಾಸ್ತರರು ನಿಂತಲ್ಲೇ ಬೆವರುವ ಕಾಲ. 

ಸುಗ್ಗಿಯಿದ್ದರೂ ಅಕ್ಕೋರ ಕೋಣೆ ತುಂಬಿತ್ತು. ಪರದೆಯ ಮೇಲೆ ರೈಲು ಓಡುತ್ತಿತ್ತು, ಅಕ್ಕೋರು ಸಿಳ್ಳೆ ಹಾಕುತ್ತಿದ್ದರು. ಸಾಹೇಬರು ಬಾಗಿಲಲ್ಲಿ ನಿಂತು "ಏನಿದು?" ಎಂದರು. ಮಕ್ಕಳು ಎದ್ದರು, ಅಕ್ಕೋರು ತಿರುಗಿದರು. ಸಾಹೇಬರು ಪೆದ್ದರಲ್ಲ, ಚುರುಕಿನ ಮನುಷ್ಯ. ಏನನ್ನೋ ಗಮನಿಸಿದರು. ಕಪ್ಪು ಹಲಗೆಯ ಕಡೆಗೆ ಮುಖ ಮಾಡಿ, ಅದರ ಮೇಲಿನ ಲೆಕ್ಕ ಓದುವವರಂತೆ ನಿಂತು, ಮೆಲ್ಲಗೆ ಕೇಳಿದರು. "ಬಾಯಾರ, ನಿಮ್ಮ ಹಾಜರಿ ಪುಸ್ತಕ ಎಲ್ಲಿದೆ?" ಅಕ್ಕೋರು ಅವರ ಬೆನ್ನನ್ನೇ ನೋಡುತ್ತಿದ್ದರು. ಒಬ್ಬ ಹುಡುಗಿ ಓಡಿಹೋಗಿ ಅಕ್ಕೋರ ಮುಂದೆ ನಿಂತು ಬಾಯಿ ಬಿಡುವಷ್ಟರಲ್ಲಿ ಸಾಹೇಬರು ತಿರುಗಿದರು. ಅವರಿಗೆ ತಿಳಿದುಹೋಗಿತ್ತು.

ವಾಪಸು ಬರುವಾಗ ಜೀಪಿನಲ್ಲೇ ವರದಿ ಹೇಳಿ ಬರೆಸಿದರು. ಶಿಕ್ಷಕಿಗೆ ಶ್ರವಣದೋಷವಿದೆ, ಸಾಧನವನ್ನು ದುರುಪಯೋಗ ಮಾಡಿದ್ದಾರೆ, ಬೋಧನೆಗೆ ಅಯೋಗ್ಯರು, ಟೀವಿಯನ್ನು ಬೇರೆ ಶಾಲೆಗೆ ಕೊಡತಕ್ಕದ್ದು.

"ಶಾಲೆ ನೋಡಿಕೊಳ್ಳುವವರ ಸಹಿಯಿಲ್ಲದೆ ಇದು ಮುಂದೆ ಹೋಗುವುದಿಲ್ಲ. ಕೆಳಗೆ ನೀನು ಸಹಿ ಮಾಡು" ಎಂದರು. "ನಾಲ್ಕೈದು ತಿಂಗಳಿಂದ ಹೌದು, ಹೌದು ಎಂದು ಬರೆದವಳು ನೀನೇ. ಗಮನಕ್ಕೆ ಬಂದಿರಲಿಲ್ಲ, ಈಗ ಬಂದಿದೆ ಎಂದು ಸಹಿ ಮಾಡಿದರೆ ನಿನ್ನ ಮೇಲೆ ಏನೂ ಬರುವುದಿಲ್ಲ. ಈ ವರ್ಷ ಮುಗಿದ ಮೇಲೆ ಖಾಯಂ ಹುದ್ದೆಗೆ ನಿನ್ನ ಹೆಸರು ಬರೆಯುವವನು ನಾನೇ, ನೆನಪಿರಲಿ."

"ನಾ ಸಹಿ ಮಾಡಂಗಿಲ್ರಿ" ಎಂದೆ. ಇಷ್ಟು ಸಲೀಸಾಗಿ ಬಾಯಿಂದ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. "ಬ್ಯಾರೆ ಸಾಲಿ ಖಾಲಿ ಬಿದ್ದಾವ್ರಿ. ಆಕಿ ಸಾಲಿ ತುಂಬೇತಿ. ಅದನ್ನ ಬರೀರಿ, ಸಹಿ ಮಾಡತೇನಿ."

"ಬಾಯಿ ಭಾಳ ಆತು ನಿಂದು!" ಸಾಹೇಬರ ಪುಸ್ತಕದ ಕನ್ನಡ ಹಾರಿಹೋಗಿತ್ತು. "ಬ್ಯಾಸಗಿ ಕ್ಯಾಂಪ್ ಮುಗಿಯೂತನಾ ಟೈಮ್ ಐತಿ. ತಲಿ ತಣ್ಣಗ ಮಾಡಿಕೊಂಡು ಬಾ. ಇಲ್ಲಂದ್ರ ಇಬ್ಬರೂ ಮನಿಗಿ ಹೋಗ್ತೀರಿ."

ಮರುದಿನವೇ ಅಕ್ಕೋರ ಊರಿಗೆ ಓಡಿದೆ. ಮುಖಕ್ಕೆ ಮುಖ ಕೊಟ್ಟು ಎಲ್ಲ ಹೇಳಿದೆ, ನನ್ನ ಸುಳ್ಳುಗಳನ್ನೂ. ಅಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಬಂದದ್ದು ಸಿಟ್ಟು, ಅದೂ ಸಾಹೇಬರ ಮೇಲಲ್ಲ, ನನ್ನ ಮೇಲೆ.

"ಸುಳ್ಳ ಬರಿ ಅಂತ ನಾ ಹೇಳಿದ್ನೇನ? ಧ್ವನಿ ಬಂದ್ ಐತಿ, ಪಾಠ ಛಲೋ ನಡದೈತಿ ಅಂತ ಬರದಿದ್ರ ಅದು ನನ್ನ ಕೆಲಸ ಆಗತಿತ್ತು. ನೀ ಮುಚ್ಚಿಟ್ಟಿ, ಅದಕ ಅದು ಕಳ್ಳತನ ಆತು. ನಾನೂ ಮುಚ್ಚಿಟ್ಟೆ. ಸಾಕಿನ್ನ."

ಆ ಮಾತು ನನಗೆ ಚುಚ್ಚಿದಷ್ಟು ಸಾಹೇಬರ ಬೆದರಿಕೆ ಚುಚ್ಚಿರಲಿಲ್ಲ. ನಾನು ದಯೆ ಎಂದುಕೊಂಡದ್ದು ಅವರ ಪಾಲಿಗೆ ಅವಮಾನವಾಗಿತ್ತು. ವಿವರಣೆ ಕೊಡಲು ಹೋದೆ, ಅವರು ನನ್ನ ಬಾಯಿಯಿಂದ ಕಣ್ಣು ತೆಗೆದು ಬೇರೆ ಕಡೆ ನೋಡಿದರು. ಅವರಿಗೆ ಬೇಡದ ಮಾತು ಕೇಳದಿರುವ ಉಪಾಯ ಅದು.

ಬೇಸಿಗೆ ರಜೆಯಲ್ಲಿ ನಾಲ್ಕು ತಾಲೂಕಿನ ಶಿಕ್ಷಕರಿಗೆ ಸಿಂದಗಿಯಲ್ಲಿ ಕ್ಯಾಂಪು. ವಿಜ್ಞಾನ ಕಲಿಸುವುದು ಹೇಗೆ ಎಂದು ಟೀವಿಯಲ್ಲೇ ಶಿಕ್ಷಕರಿಗೆ ಪಾಠ. ನಲವತ್ತು ಜನ, ಒಂದು ತಗಡಿನ ಮಾಡಿನ ಸಭಾಗೃಹ, ಹೊರಗೆ ಕೆಂಡದಂಥ ಬಿಸಿಲು. ಹೆಂಗಸರು ಐದೇ ಜನ, ಅದರಲ್ಲಿ ಕಾಶೀಬಾಯಿ ಅಕ್ಕೋರು ಮುಂದಿನ ಸಾಲಿನಲ್ಲಿ. ಹನ್ನೊಂದು ದಿನ ಅವರು ಎಲ್ಲರ ಜೊತೆ ಕೂತು ಪರದೆ ನೋಡಿದರು. ಸಹಿ ಇಲ್ಲದ ವರದಿ ನನ್ನ ಚೀಲದಲ್ಲಿತ್ತು. ಕೊನೆಯ ದಿನ ಸಾಹೇಬರು ಬಂದು ಟೀವಿಯ ಹಿಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ನಾನು ಎಲ್ಲರ ಎದುರೇ ಹೋಗಿ ಆ ಹಾಳೆಯನ್ನು ಸಹಿಯಿಲ್ಲದೆಯೇ ಅವರ ಮುಂದೆ ಇಟ್ಟು ಬಂದೆ.  

ಪಾಠ ಶುರುವಾಯಿತು. ಪರದೆಯ ಮೇಲೆ ಕನ್ನಡಕದ ಒಬ್ಬರು ನೀರು ತುಂಬಿದ ಗ್ಲಾಸು, ಒಂದು ರಟ್ಟಿನ ತುಂಡು ಹಿಡಿದು ನಿಂತಿದ್ದರು. ಎರಡು ನಿಮಿಷವಾಗಿರಬೇಕು, ಕಾಶೀಬಾಯಿ ಅಕ್ಕೋರು ಎದ್ದು, ಟೀವಿಯ ಹತ್ತಿರ ಹೋಗಿ, ಧ್ವನಿಯ ಗುಂಡಿ ತಿರುವಿ ಬಂದ್ ಮಾಡಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಅವರು ನಮ್ಮ ಕಡೆ ಮುಖ ಮಾಡಿ ನಿಂತರು.

"ನನಗ ಕಿವಿ ಕೇಳಂಗಿಲ್ರಿ" ಎಂದರು. "ಎರಡ ವರ್ಷ ಮ್ಯಾಲಾತು. ಇಷ್ಟ ದಿನಾ ಮುಚ್ಚಿಟ್ಟಿದ್ನಿ, ಇವತ್ತ ಹೇಳಾಕತ್ತೇನಿ. ಕಿವುಡಿ ಸಾಲಿ ಕಲಸಾಕ ಬರಂಗಿಲ್ಲ ಅಂತ ವರದಿ ಬರದಾರಂತ. ಕಲಸಾಕ ಬರತೈತೋ ಇಲ್ಲೋ, ಮಾಸ್ತರಗೋಳು ನೀವ ನೋಡ್ರಿ."

ಪರದೆಯ ಕಡೆ ಒಂದು ಕಣ್ಣು, ನಮ್ಮ ಕಡೆ ಒಂದು ಕಣ್ಣು. "ಈಗ ನೋಡ್ರಿ, ಗ್ಲಾಸಿನ ಮ್ಯಾಲ ರಟ್ಟು ಇಟ್ಟಾ. ಡಬ್ಬ ಹಾಕತಾನ, ಅಂಗಿ ತೊಯ್ಸಿಕೋತಾನ ಅಂತ ನಿಮಗ ಅನಸತೈತಿ, ಹೌದಲ್ಲ? ಕೈ ಬಿಟ್ಟಾ ನೋಡ್ರಿ! ನೀರ ಬೀಳಲಿಲ್ಲ. ಯಾರ ಹಿಡದಾರ ಅದನ್ನ? ಕಣ್ಣಿಗಿ ಕಾಣಲಾರದವ ಒಬ್ಬ ಕೆಳಗಿಂದ ಒತ್ತಿ ಹಿಡದಾನ. ನಿಮ್ಮ ಮೂಗಿನ್ಯಾಗ ಹೋಗಿ ಬರಾಕತ್ತಾನಲ್ಲ, ಅವನ!" ಹಿಂದಿನ ಸಾಲಿನ ಒಬ್ಬ ಮಾಸ್ತರರು ಮೂಗು ಮುಟ್ಟಿಕೊಂಡರು. ಎಲ್ಲರೂ ನಕ್ಕರು. ನಗುತ್ತಲೇ ಮುಂದಕ್ಕೆ ಬಾಗಿ ನೋಡಿದರು. ಹನ್ನೊಂದು ದಿನ ತೂಕಡಿಸಿದ ಜನ ಅಂದು ಒಬ್ಬರೂ ಕಣ್ಣು ಮುಚ್ಚಲಿಲ್ಲ.

ಮುಗಿದ ಮೇಲೆ ಇಂಡಿ ಕಡೆಯ ಹಿರಿಯ ಮಾಸ್ತರರೊಬ್ಬರು ಎದ್ದು ನಿಂತರು. ಅಕ್ಕೋರ ಎದುರಿಗೆ ಬಂದು, ಬಾಯಿ ಅಗಲಿಸಿ ಕೇಳಿದರು. "ನೀವು ತಪ್ಪ ಹೇಳಿದ್ರ ಹೆಂಗ್ರಿ ಅಕ್ಕೋರ?"

"ಹೇಳೇನ್ರಿ, ಉಪ್ಪಿಗಿ ಸುಣ್ಣ ಅಂದೇನಿ. ಆವತ್ತ ತಿದ್ದೇನಿ. ನಾ ತಪ್ಪಿದ್ರ ಹುಡುಗ್ರ ಮುಂದ ತಿದ್ದಕೋತೇನಿ. ಈ ಪೆಟ್ಟಿಗಿ ತಿದ್ದಕೋತೈತೇನ್ರಿ?"

ಮಾಸ್ತರರು ಕೂರಲಿಲ್ಲ. ನಮ್ಮ ಕಡೆ ತಿರುಗಿ, ನಾನೂ ಆರು ತಿಂಗಳಿಂದ ಧ್ವನಿ ಇಳಿಸಿಯೇ ಪಾಠ ಮಾಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಲಿ ಎಂದರು. ಇನ್ನೊಬ್ಬರು ಎದ್ದರು, ನಾನೂ ಎಂದರು. ಮತ್ತೊಬ್ಬರು. ಸಾಹೇಬರ ಮುಂದೆ ಯಾರೂ ಉಸಿರೆತ್ತದ ಆ ವರ್ಷ, ಆ ತಗಡಿನ ಮಾಡಿನ ಕೆಳಗೆ ಒಬ್ಬೊಬ್ಬರೇ ಎದ್ದು ನಿಂತು ತಮ್ಮ ತಪ್ಪನ್ನು ಹೆಮ್ಮೆಯಿಂದ ಒಪ್ಪಿಕೊಂಡರು. ನನ್ನ ಜೀವನದಲ್ಲಿ ಅಂಥ ಸಂತೋಷ ಹೆಚ್ಚು ಸಲ ಕಂಡಿಲ್ಲ.

ಸಾಹೇಬರು ಕಟ್ಟೆಯ ಮೇಲಿಂದ, ಅಕ್ಕೋರ ಬೆನ್ನ ಹಿಂದಿನಿಂದ ಕೇಳಿದರು. "ಕಾಶೀಬಾಯಿಯವರೇ, ನಿಮ್ಮ ವಯಸ್ಸೆಷ್ಟು?"

ಅವರಿಗೆ ಕೇಳಲಿಲ್ಲ. ಆದರೆ ನಲವತ್ತು ಜನರ ಕಣ್ಣುಗಳು ಅವರ ಹೆಗಲ ಮೇಲಿಂದ ಹಿಂದಕ್ಕೆ ಹೋದವು. ಅಕ್ಕೋರಿಗೆ ಅಷ್ಟು ಸಾಕಿತ್ತು. ಮೆಲ್ಲಗೆ ತಿರುಗಿದರು.

"ಏನೋ ಕೇಳಿದ್ರಿ ಅನಸತೈತಿ. ಕೆಳಗಿಳದು ನನ್ನ ಮುಂದ ಬಂದು ಕೇಳ್ರಿ ಸಾಹೇಬ್ರ. ಒಂದನೇ ಕ್ಲಾಸಿನ ಹುಡುಗ್ರು ಎಂಟ ದಿನದಾಗ ಕಲ್ತಾವು, ನೀವೂ ಕಲೀತೀರಿ."

ಸಭೆಯಲ್ಲಿ ಯಾರೂ ನಗಲಿಲ್ಲ. ಸಾಹೇಬರು ಎದ್ದರು.  ಕಟ್ಟೆ ಇಳಿದು, ಟೀವಿಯನ್ನು ಸುತ್ತಿ ಬಂದು, ನಲವತ್ತು ಶಿಕ್ಷಕರ ಎದುರಿಗೆ, ಕಾಶೀಬಾಯಿ ಅಕ್ಕೋರ ಮುಂದೆ ನಿಂತರು. ಮುಖ ನೋಡಿ, ಒಂದೊಂದೇ ಮಾತು ಬಿಡಿಸಿ ಕೇಳಿದರು.

"ನಿಮ್ಮ ವಯಸ್ಸು ಎಷ್ಟ್ರಿ?"

"ನಲವತ್ತಾರು. ರಿಟಾಯರ್ ಆಗಾಕ ಇನ್ನಾ ಒಂಬತ್ತ ವರ್ಷ ಐತ್ರಿ. ಅಲ್ಲೀತನಾ ನಾ ಅದ ಸಾಲ್ಯಾಗ ಇರ್ತೇನಿ."

ಜುಲೈ ಮುಗಿದಾಗ ಉಪಗ್ರಹ ಹೋಯಿತು, ನನ್ನ ನೌಕರಿಯೂ ಹೋಯಿತು. ಖಾಯಂ ಹುದ್ದೆಗೆ ನನ್ನ ಹೆಸರು ಯಾರೂ ಬರೆಯಲಿಲ್ಲ. ಸಹಿಯಿಲ್ಲದ ಆ ವರದಿ ಏನಾಯಿತೋ ನನಗೆ ಗೊತ್ತಿಲ್ಲ. ಕಾಶೀಬಾಯಿ ಅಕ್ಕೋರು ಒಂಬತ್ತು ವರ್ಷವೂ ಆ ಶಾಲೆಯಲ್ಲೇ ಇದ್ದರು.